ಹಳೇ ಪೆಟ್ಟಿಗೆ ನಿಜವಾಗಿ ಹಳೇದಾ? ಮೊದಲು ಮಗುಚಿ ನೋಡಿ

ನೀವು ಕೇಳಿದ್ದು ಇಷ್ಟು: ಅಂಗಡಿಯೊಂದರಲ್ಲಿ ಹಿತ್ತಾಳೆ ಪಟ್ಟಿ ಹೊಡೆದ ತೇಗದ ಪೆಟ್ಟಿಗೆ ನೋಡಿದ್ದೀರಿ. ತಮಿಳುನಾಡಿನ ಚೆಟ್ಟಿನಾಡಿನ ಮನೆಯಿಂದ ಬಂದದ್ದು, 150 ವರ್ಷ ಹಳೆಯದು ಅಂತ ಅಂಗಡಿಯವರು ಹೇಳಿದ್ದಾರೆ. ಬೆಲೆ 85,000. ಇದು ಅಸಲಿಯೋ ನಕಲಿಯೋ ಗೊತ್ತಾಗುವುದು ಹೇಗೆ? ಜೊತೆಗೆ ಮೂರು ಫೋಟೋ ಹಾಕಿದ್ದೀರಿ. ಮೂರೂ ಮುಂದುಗಡೆಯವು. ಅದರಿಂದ ಏನೂ ಹೇಳಲಾಗುವುದಿಲ್ಲ. ಮೋಸ ಮಾಡುವವನು ತನ್ನ ಶ್ರಮವನ್ನೆಲ್ಲ ಹಾಕುವುದೇ ಮುಂದುಗಡೆಗೆ.

ನಾನು ವ್ಯಾಪಾರಿ ಅಲ್ಲ. ಬೆಂಗಳೂರಿನಲ್ಲಿ ಹಳೆ ಮರದ ಸಾಮಾನು ಬಿಚ್ಚಿ, ರಿಪೇರಿ ಮಾಡಿ, ಪಾಲಿಶ್ ಹಾಕಿ ಕೊಡುತ್ತೇನೆ. ಹದಿನಾರು ವರ್ಷವಾಯಿತು. ಈ ಕೆಲಸಕ್ಕೆ ಬರುವ ಮೊದಲು ನಾನೂ ನಿಮ್ಮ ಹಾಗೆ ಅಂಗಡಿಯಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದವನೇ. ಆಗ ಒಂದು ಉದ್ದ ಕೈಯ ಆರಾಮ ಕುರ್ಚಿ ತೆಗೆದುಕೊಂಡೆ. ಚಿಕ್ಕಮಗಳೂರು, ಕೊಡಗಿನ ಎಸ್ಟೇಟ್ ಬಂಗಲೆಗಳ ಜಗಲಿಯಲ್ಲಿ ಇರುತ್ತಲ್ಲ, ಕಾಲು ಚಾಚಿ ಇಡಲು ಕೈಯೇ ಮುಂದಕ್ಕೆ ಉದ್ದ ಬರುತ್ತದೆ, ಅಂಥದ್ದು. 22,000 ಕೊಟ್ಟೆ. ಬ್ರಿಟಿಷ್ ದೊರೆ ಕೂತಿದ್ದ ಕುರ್ಚಿ ಅಂತ ಕಥೆಯೂ ಪುಕ್ಕಟೆಯಾಗಿ ಸಿಕ್ಕಿತು.

ತೀರ್ಥಹಳ್ಳಿ ಕಡೆ ನಮ್ಮ ಊರ ಮನೆಗೆ ಅದನ್ನು ಸಾಗಿಸಿದೆ. ಬಾಗಿಲು ಸರಿ ಮಾಡಲು ಬಂದಿದ್ದ ಆಚಾರ್ರು ಒಂದು ಸುತ್ತು ನೋಡಿದರು. ಹೊಗಳುತ್ತಾರೆ ಅಂತ ಕಾದಿದ್ದೆ. "ಮಗುಚಿ ಹಾಕು ತಮ್ಮ" ಅಂದರು. ಮಗುಚಿದೆ. ಹಿಂದಿನ ಕಾಲಿನ ಒಳಬದಿಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬೇರೆ ಮರದ ತುಂಡು ಕೂರಿಸಿತ್ತು. ಸುತ್ತಲಿನ ಮರದ ಗೆರೆ ಉದ್ದಕ್ಕೆ ಓಡಿದರೆ ಆ ತುಂಡಿನ ಗೆರೆ ಅಡ್ಡಕ್ಕೆ. ಉಗುರಿನಿಂದ ಅದನ್ನು ತಟ್ಟಿ ಹೇಳಿದರು: "ಇದು ಅಗುಳಿ ಕೂರ್ತಿದ್ದ ತೂತು. ಯಾರದೋ ಮನೆ ದಾರಂದ ಇದು. ಮರಕ್ಕೆ ನೂರು ವರ್ಷ ಆಗಿರಬಹುದು. ಕುರ್ಚಿಗೆ ಆರು ತಿಂಗಳೂ ಆಗಿಲ್ಲ."

ನಮ್ಮ ಕಡೆಯ ದೊಡ್ಡ ಮೋಸ ಇದೇ. ಹೊಸ ಮರಕ್ಕೆ ಕಪ್ಪು ಬಳಿದು ಹಳೇದು ಅಂತ ಮಾರುವುದು ಬೇಗ ಸಿಕ್ಕಿಬೀಳುತ್ತದೆ. ಆದರೆ ಕರ್ನಾಟಕ, ಕೇರಳ, ತಮಿಳುನಾಡಿನಲ್ಲಿ ಹಳೆ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಕಂಬ, ತೊಲೆ, ಬಾಗಿಲು ಹಳೆ ಸಾಮಾನಿನ ಅಂಗಡಿಗೆ ಬರುತ್ತವೆ. ಕಾರೈಕುಡಿಯಲ್ಲಿ, ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಅಂಥ ಅಂಗಡಿಗಳ ಬೀದಿಯೇ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಆ ಮರದಿಂದ ಹೊಸ ಮೇಜು ಮಾಡಿ 'ಹಳೆ ಮರದ ಹೊಸ ಮೇಜು' ಅಂತಲೇ ಮಾರುವ ಪ್ರಾಮಾಣಿಕರೂ ಇದ್ದಾರೆ. ನಿಮ್ಮ ಪೆಟ್ಟಿಗೆಯ ವಿಷಯದಲ್ಲಿ ಕೇಳಬೇಕಾದ್ದೂ ಅದೇ: ಹಳೆಯದು ಮರವೋ, ಪೆಟ್ಟಿಗೆಯೋ?

ಹಳೆ ಮರದ ಹೊಸ ಸಾಮಾನನ್ನು ಹಿಡಿಯಲು ನನಗೆ ಅತಿ ಹೆಚ್ಚು ನೆರವಾಗಿರುವುದು ಕುಟ್ಟೆ ಹುಳು. ಕುಟ್ಟೆ ಮರದ ಒಳಗೆ ಸುರಂಗ ಕೊರೆಯುತ್ತದೆ. ಸುರಂಗ ಅಂಕುಡೊಂಕಾಗಿ ಒಳಗೇ ಓಡಾಡುತ್ತದೆ. ಹುಳು ಹೊರಗೆ ಬರುವಾಗ ಮಾತ್ರ ಮೇಲ್ಮೈಯಲ್ಲಿ ಒಂದು ಸಣ್ಣ ದುಂಡು ತೂತು ಬೀಳುತ್ತದೆ. ಹಾಗಾಗಿ ನಿಜವಾದ ಹಳೆ ಸಾಮಾನಿನ ಮೇಲೆ ಕಾಣುವುದು ಚುಕ್ಕಿ ಚುಕ್ಕಿ ತೂತು. ಅದರ ಬದಲು ಮೇಲ್ಮೈಯಲ್ಲಿ ಉದ್ದುದ್ದ ಚಾನಲ್ ಕಂಡರೆ, ಅಂದರೆ ಸೀಳಿದ ಪೈಪಿನ ಹಾಗೆ ಅರ್ಧ ಸುರಂಗ ತೆರೆದು ನಿಂತಿದ್ದರೆ, ಹುಳು ತಿಂದ ಮೇಲೆ ಆ ಮರವನ್ನು ಯಾರೋ ಕುಯ್ದಿದ್ದಾರೆ. ನನ್ನ ಕುರ್ಚಿಯ ಕೆಳಪಟ್ಟಿಯಲ್ಲಿ ಅಂಥವು ನಾಲ್ಕು ಇದ್ದವು. ಅಂಗಡಿಯಲ್ಲಿ ಅವನ್ನೇ ತೋರಿಸಿ "ನೋಡಿ ಸಾರ್, ಎಷ್ಟು ಹಳೇದು" ಅಂದಿದ್ದರು. ನಾನು ತಲೆ ಆಡಿಸಿದ್ದೆ!

ಕೆಲವರು ಡ್ರಿಲ್ಲಿನಿಂದ ನಕಲಿ ತೂತು ಹಾಕುತ್ತಾರೆ. ಗುಂಡುಪಿನ್ನೊಂದನ್ನು ಮೆಲ್ಲಗೆ ತೂರಿಸಿ ನೋಡಿ. ಡ್ರಿಲ್ ತೂತಿನಲ್ಲಿ ಅದು ಸೀದಾ ಹೋಗುತ್ತದೆ. ಕುಟ್ಟೆ ತೂತಿನಲ್ಲಿ ಸ್ವಲ್ಪ ಹೋಗಿ ತಡೆಯುತ್ತದೆ, ಯಾಕೆಂದರೆ ಸುರಂಗ ಅಲ್ಲಿ ತಿರುಗಿರುತ್ತದೆ. ಇನ್ನೊಂದು ಮಾತು. ತೂತಿನ ಕೆಳಗೆ ಹಿಟ್ಟಿನಂಥ ಹುಡಿ ಹೊಸದಾಗಿ ಉದುರಿದ್ದರೆ ಹುಳು ಒಳಗೆ ಇನ್ನೂ ಬದುಕಿದೆ. ಅಸಲಿಯಾದರೂ ಅದನ್ನು ಔಷಧಿ ಹಾಕದೆ ಮನೆಗೆ ತರಬೇಡಿ. ಒಳ್ಳೆ ತೇಗದ ಚೇಗಿಗೆ, ಅಂದರೆ ಒಳಗಿನ ಗಾಢ ಬಣ್ಣದ ಮರಕ್ಕೆ, ಕುಟ್ಟೆ ಬೀಳುವುದು ಕಡಿಮೆ. ಅಂಚಿನ ಬಿಳಿ ಮರಕ್ಕೇ ಜಾಸ್ತಿ. ತೇಗ ಅಂತ ಹೇಳಿದ ಪೆಟ್ಟಿಗೆಯ ಮೈತುಂಬ ತೂತಿದ್ದರೆ ಅದು ತೇಗವೇ ಹೌದಾ ಅಂತಲೂ ಯೋಚಿಸಿ.

ಈಗ ಪೆಟ್ಟಿಗೆಯ ಮುಂದೆ ಕೂರೋಣ. ಒಂದು ಟಾರ್ಚ್, ಒಂದು ಸಣ್ಣ ಅಯಸ್ಕಾಂತ, ಒಂದು ಟೇಪು, ಒಂದಿಷ್ಟು ಬಿಳಿ ಹತ್ತಿ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಅಂಗಡಿಯವರು ಮುಖ ಸಿಂಡರಿಸಬಹುದು, ಪರವಾಗಿಲ್ಲ. 85,000 ನಿಮ್ಮದು.

ಮುಚ್ಚಳ ತೆಗೆದು ಮೊದಲು ಮೂಸಿ. ತಮಾಷೆ ಅಲ್ಲ. ಹಳೆ ಪೆಟ್ಟಿಗೆಯ ಒಳಗೆ ಹಳೆ ಧೂಳು, ಬಟ್ಟೆ, ಕರ್ಪೂರ, ಕೆಲವೊಮ್ಮೆ ಭತ್ತದ ವಾಸನೆ ಕೂತಿರುತ್ತದೆ. ಹೊಸದಾಗಿ ಮಾಡಿದ್ದರಲ್ಲಿ ಥಿನ್ನರ್, ಫೆವಿಕಾಲ್, ಬೂಟ್ ಪಾಲಿಶ್ ವಾಸನೆ ಬರುತ್ತದೆ. ಆಮೇಲೆ ಒಳಗಿನ ಬಣ್ಣ ನೋಡಿ. ಹಿಂದಿನವರು ಕಾಣದ ಜಾಗಕ್ಕೆ ಪಾಲಿಶ್ ಹಾಕಿ ದುಡ್ಡು ದಂಡ ಮಾಡುತ್ತಿರಲಿಲ್ಲ. ಪೆಟ್ಟಿಗೆಯ ತಳ, ಹಿಂಬದಿ, ಡ್ರಾಯರಿನ ಹೊರಗೋಡೆ ಎಲ್ಲ ಬರಿ ಮರ. ಅದು ಗಾಳಿಗೆ ಒಣಗಿ ತಾನಾಗಿಯೇ ಕಂದು, ಬೂದು ಬಣ್ಣಕ್ಕೆ ತಿರುಗಿರುತ್ತದೆ. ಗಾಳಿ ಆಡುವ ಕಡೆ ಜಾಸ್ತಿ, ಮುಚ್ಚಿದ ಕಡೆ ಕಮ್ಮಿ. ಈ ಏರುಪೇರು ಇರಬೇಕು. ಒಳಗೂ ಹೊರಗೂ ತಳಕ್ಕೂ ಒಂದೇ ಚಾಕೊಲೇಟ್ ಬಣ್ಣ ಬಳಿದಿದ್ದರೆ ಯಾರೋ ಏನನ್ನೋ ಮುಚ್ಚಿದ್ದಾರೆ. ಬಿಳಿ ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ, ಅಂಗಡಿಯವರನ್ನು ಕೇಳಿಯೇ, ತಳದಲ್ಲಿ ಒಂದು ಮೂಲೆಯನ್ನು ಉಜ್ಜಿ. ಬಣ್ಣ ಹತ್ತಿಗೆ ಬಂದು ಅಡಿಯಲ್ಲಿ ಬೆಳ್ಳಗಿನ ಮರ ಕಂಡರೆ ನಮಸ್ಕಾರ ಹೇಳಿ ಹೊರಡಿ.

ಟಾರ್ಚನ್ನು ಹಿಂಬದಿಯ ಹಲಗೆಗೆ ಅಡ್ಡಡ್ಡ ಹಿಡಿಯಿರಿ, ಹಲಗೆಗೆ ತಾಗುವಷ್ಟು ಹತ್ತಿರ. ಕೈಯಲ್ಲಿ ಕೀಸುಳಿ ಹಾಕಿದ ಹಲಗೆಯಲ್ಲಿ ಉದ್ದಕ್ಕೆ ಸಣ್ಣ ಸಣ್ಣ ತಗ್ಗು ಕಾಣುತ್ತವೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಕೆರೆಯ ನೀರಿನ ಅಲೆಯ ಹಾಗೆ ಸಿಗುತ್ತದೆ. ಮೆಷಿನ್ನಿನಲ್ಲಿ ನಯ ಮಾಡಿದ ಹಲಗೆಯಲ್ಲಿ ಅಡ್ಡಕ್ಕೆ, ಅಳತೆ ಇಟ್ಟ ಹಾಗೆ ಒಂದೇ ಸಮ ಗೆರೆ. ದುಂಡು ಗರಗಸದಲ್ಲಿ ಕುಯ್ದಿದ್ದರೆ ಬಿಲ್ಲಿನಂತೆ ಬಾಗಿದ ಗೆರೆಗಳು. ಇಬ್ಬರು ಆಳು ಮೇಲೆ ಒಬ್ಬ ಕೆಳಗೆ ಒಬ್ಬ ನಿಂತು ಉದ್ದ ಗರಗಸದಲ್ಲಿ ಕುಯ್ದಿದ್ದರೆ ನೆಟ್ಟಗಿನ, ಆದರೆ ಒಂದಕ್ಕೊಂದು ಹೊಂದದ ಗೆರೆಗಳು.

ಇಲ್ಲೊಂದು ಎಚ್ಚರ. ಇಂಗ್ಲಿಷಿನ ವಿಡಿಯೋಗಳಲ್ಲಿ "ಕೈಗೆಲಸದ ಗುರುತು ಇದ್ದರೆ ಇಷ್ಟು ಹಳೇದು" ಅಂತ ಇಸವಿ ಸಮೇತ ಹೇಳಿಬಿಡುತ್ತಾರೆ. ಅದು ಯುರೋಪು, ಅಮೆರಿಕದ ಲೆಕ್ಕ. ಅಲ್ಲಿ 19ನೇ ಶತಮಾನದಲ್ಲೇ ಯಂತ್ರ ಬಂತು. ನಮ್ಮಲ್ಲಿ ಕೈಯಲ್ಲಿ ಕುಯ್ಯುವುದು, ಕೈಯಲ್ಲಿ ಮೂಲೆ ಕೂಡಿಸುವುದು ನಮ್ಮ ಅಪ್ಪಂದಿರ ಕಾಲದವರೆಗೂ ಇತ್ತು. ಈಗಲೂ ಮಾಡುವವರಿದ್ದಾರೆ. ಆದ್ದರಿಂದ ಯಂತ್ರದ ಗುರುತು ಸಿಕ್ಕಿದರೆ "150 ವರ್ಷ" ಎಂಬ ಮಾತು ಬೀಳುತ್ತದೆ ನಿಜ, ಕೈಗೆಲಸದ ಗುರುತು ಸಿಕ್ಕಿತು ಅಂತ ಆ ಮಾತು ನಿಲ್ಲುವುದಿಲ್ಲ. ಮೂಲೆಯ ಡವ್‌ಟೇಲ್ ಜೋಡಣೆಗೂ, ಅಂದರೆ ಎರಡು ಹಲಗೆಯ ತುದಿಯ ಹಲ್ಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ಹಾಗೆ ಕೂಡಿಸಿದ್ದಕ್ಕೂ, ಇದೇ ಮಾತು. ಹಲ್ಲುಗಳು ದೊಡ್ಡವು, ಒಂದೊಂದು ಒಂದೊಂದು ಅಗಲ, ಪಕ್ಕದಲ್ಲಿ ಆಚಾರಿ ಗೀಚಿದ ಅಳತೆಗೆರೆ ಉಳಿದಿದೆ ಅಂದರೆ ಅದು ಕೈಕೆಲಸ. ಯಾವ ಕಾಲದ ಕೈ ಅನ್ನುವುದನ್ನು ಬೇರೆ ಗುರುತುಗಳು ಹೇಳಬೇಕು.

ಆ ಬೇರೆ ಗುರುತುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ನಿಮ್ಮ ಪೆಟ್ಟಿಗೆಯ ಮುಚ್ಚಳದ ಎರಡು ತುದಿಗೆ ಅಡ್ಡಪಟ್ಟಿ ಹೊಡೆದಿದೆ, ಮೊದಲನೇ ಫೋಟೋದಲ್ಲಿ ಕಾಣುತ್ತದೆ. ಮಾಡಿದ ದಿನ ಪಟ್ಟಿಯ ತುದಿಯೂ ಹಲಗೆಯ ಅಂಚೂ ಸಮ ಇದ್ದಿರುತ್ತವೆ. ವರ್ಷಗಳು ಕಳೆದ ಹಾಗೆ ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಪಟ್ಟಿ ಅದೇ ದಿಕ್ಕಿನಲ್ಲಿ ಉದ್ದಕ್ಕೆ ಇರುವುದರಿಂದ ಕುಗ್ಗುವುದಿಲ್ಲ. ಹಾಗಾಗಿ ಪಟ್ಟಿಯ ತುದಿ ಒಂದೆರಡು ಮಿಲಿಮೀಟರ್ ಆಚೆ ಚಾಚಿಕೊಳ್ಳುತ್ತದೆ. ಇಲ್ಲವೇ ಹಲಗೆ ನಡುವೆ ಸೀಳು ಬಿಡುತ್ತದೆ. ಬೆರಳಿಟ್ಟು ನೋಡಿ, ಉಗುರಿಗೆ ಸಿಗುತ್ತದೆ. ದುಂಡು ಮೇಜಿನದೂ ಇದೇ ಕಥೆ. ಅಡ್ಡ ಒಮ್ಮೆ, ಉದ್ದ ಒಮ್ಮೆ ಟೇಪು ಹಿಡಿದರೆ ಹಳೆ ಮೇಜು ಪೂರ್ತಿ ದುಂಡಾಗಿರುವುದಿಲ್ಲ. ತೇಗ ಕಮ್ಮಿ ಕುಗ್ಗುವ ಮರ, ವ್ಯತ್ಯಾಸ ಸಣ್ಣದೇ ಇರುತ್ತದೆ. ಹಸಿ ಮರದಲ್ಲಿ ಅವಸರಕ್ಕೆ ಮಾಡಿದ ಹೊಸ ಮೇಜೂ ಹೀಗೇ ಕುಗ್ಗಬಹುದು. ಒಂದೇ ಗುರುತು ಹಿಡಿದು ಕೂರಬೇಡಿ ಅಂತ ಹೇಳುವುದು ಇದಕ್ಕೇ.

ಮೊಳೆ, ಸ್ಕ್ರೂ ವಿಷಯಕ್ಕೆ ಬಂದರೆ ಇಸವಿ ಸ್ವಲ್ಪ ಗಟ್ಟಿಯಾಗಿ ಸಿಗುತ್ತದೆ. ಪ್ಲಸ್ ತಲೆಯ ಸ್ಕ್ರೂ ಹುಟ್ಟಿದ್ದೇ 1930ರ ದಶಕದಲ್ಲಿ, ಅಮೆರಿಕದಲ್ಲಿ. ಚೂಪು ತುದಿಯ ಸ್ಕ್ರೂಗಳು ಕಾರ್ಖಾನೆಯಿಂದ ಬರತೊಡಗಿದ್ದು 19ನೇ ಶತಮಾನದ ನಡುವಿನಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ತುದಿ ಮೊಂಡು, ತಲೆಯ ಸೀಳು ಸರಿಯಾಗಿ ನಡುವೆ ಇರುವುದಿಲ್ಲ. ಕಮ್ಮಾರ ಬಡಿದ ಮೊಳೆಗೆ ಮೈ ಚೌಕ, ತಲೆಯ ಮೇಲೆ ಸುತ್ತಿಗೆಯ ಏಟು. ತಂತಿಯಿಂದ ಮಾಡಿದ ದುಂಡು ಮೊಳೆ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ಬೀಗದ ಮೇಲೆ ಗೋದ್ರೆಜ್ ಅಂತ ಇದ್ದರೆ ಆ ಬೀಗ 1897ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಆ ಕಂಪನಿ ಶುರುವಾದದ್ದೇ ಆಗ. ಆದರೆ ಬೀಗ ಕೆಡುತ್ತದೆ, ಬದಲಾಯಿಸುತ್ತಾರೆ. ಹಳೆ ಪೆಟ್ಟಿಗೆಗೆ ಹೊಸ ಬೀಗ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹಳೆ ಬೀಗದ ಅಚ್ಚು, ಅದರ ತೂತು ಪಕ್ಕದಲ್ಲಿ ಉಳಿದಿದೆಯಾ ಅಂತ ನೋಡಿ. ಉಳಿದಿದ್ದರೆ ಒಳ್ಳೆ ಲಕ್ಷಣ.

ಮೊಳೆಗಿಂತ ಮೊಳೆಯ ಸುತ್ತಲಿನ ಮರ ಹೆಚ್ಚು ಮಾತಾಡುತ್ತದೆ. ಕಬ್ಬಿಣ ತುಕ್ಕು ಹಿಡಿದಂತೆ ಅದು ಮರದ ಒಗರಿನ ಜೊತೆ ಸೇರಿ ಸುತ್ತಲೂ ಕಪ್ಪು ಕಲೆ ಮಾಡುತ್ತದೆ. ಅದು ಮರದ ಒಳಕ್ಕೆ ಇಳಿದಿರುತ್ತದೆ. ಉಪ್ಪು ನೀರಲ್ಲಿ ನೆನೆಸಿ ತುಕ್ಕು ಬರಿಸಿದ ಮೊಳೆಯನ್ನು ಮೊನ್ನೆ ಹೊಡೆದಿದ್ದರೆ ಮೊಳೆ ಕೆಂಪಗೆ, ಸುತ್ತಲಿನ ಮರ ಚೊಕ್ಕ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ.

ಹಿತ್ತಾಳೆ ಪಟ್ಟಿಗೆ ಅಯಸ್ಕಾಂತ ತಾಗಿಸಿ. ಅಂಟಿಕೊಂಡರೆ ಅದು ಹಿತ್ತಾಳೆ ಲೇಪ ಕೊಟ್ಟ ಕಬ್ಬಿಣದ ತಗಡು. ಅಂಟದಿದ್ದರೆ ಪಟ್ಟಿಯ ಅಂಚನ್ನು ನೋಡಿ. ದಶಕಗಟ್ಟಲೆ ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಯ ಅಂಚು ಸವೆದು ಮೊಂಡಾಗಿರುತ್ತದೆ. ಪಟ್ಟಿ ಮತ್ತು ಮರದ ಸಂದಿಯಲ್ಲಿ ಹಸಿರು ಮಿಶ್ರಿತ ಕೊಳೆ ಗಟ್ಟಿಯಾಗಿ ಕೂತಿರುತ್ತದೆ, ಸೂಜಿಯಲ್ಲಿ ಕೆದಕಿದರೂ ಬೇಗ ಬರುವುದಿಲ್ಲ. ಒಂದು ಪಟ್ಟಿ ಸಡಿಲವಾಗಿದ್ದರೆ ನಿಮ್ಮ ಅದೃಷ್ಟ. ಅದರ ಅಡಿಯ ಮರ ಬೇರೆ ಬಣ್ಣ ಇರಬೇಕು, ಯಾಕೆಂದರೆ ಅಲ್ಲಿಗೆ ಬೆಳಕೂ ಕೈಯೂ ತಾಗಿಲ್ಲ.

ಇನ್ನು ಸವೆತ. ಇದನ್ನು ಓದಲು ಪರಿಣತಿ ಬೇಕಿಲ್ಲ, ಒಂದು ನಿಮಿಷ ಆ ಮನೆಯವರಾಗಿ ಯೋಚಿಸಿದರೆ ಸಾಕು. ಪೆಟ್ಟಿಗೆಯನ್ನು ತೆರೆಯುವಾಗ ಕೈ ಎಲ್ಲಿ ಹಾಕುತ್ತೀರಿ? ಮುಚ್ಚಳದ ಮುಂದಿನ ಅಂಚಿನ ನಡುವೆ. ಅಲ್ಲಿ ಮರ ದುಂಡಗೆ, ಜಿಡ್ಡು ಹತ್ತಿ ಕಪ್ಪಗೆ ಇರಬೇಕು. ಗುಡಿಸುವಾಗ ಎಳೆದಾಡಿದ ಗುರುತು ತಳದ ಅಂಚಿಗೆ, ಪೊರಕೆ, ನೀರು ತಾಗಿದ ಕಲೆ ಕಾಲಿಗೆ. ಕುರ್ಚಿಯಾದರೆ ಕೈಯ ತುದಿ, ಪಾದ ಇಡುವ ಅಡ್ಡಪಟ್ಟಿ, ಹಿಂದಕ್ಕೆ ವಾಲಿ ಸವೆದ ಹಿಂಗಾಲು. ಡ್ರಾಯರ್ ಇದ್ದರೆ ಅದು ಜಾರುವ ಅಡಿಪಟ್ಟಿ. ನಕಲಿ ಮಾಡುವವರು ಸರಪಳಿಯಲ್ಲಿ ಹೊಡೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ ಎಲ್ಲ ಕಡೆ ಗಾಯ ಮಾಡುತ್ತಾರೆ. ಯಾರ ಕೈಯೂ ಹೋಗದ ಹಿಂಬದಿಯ ಮೂಲೆಯೂ ಮುಂದಿನ ಅಂಚಿನಷ್ಟೇ ಸವೆದಿರುತ್ತದೆ. ಒಂದೇ ಆಕಾರದ ಗಾಯ ಐದಾರು ಕಡೆ ಕಂಡರೆ ಅದು ಒಂದೇ ಸುತ್ತಿಗೆಯ ಕೆಲಸ.

ಬೀಟೆ ಅಂತ ಹೇಳಿ ಮಾರುವುದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮುಂದೆ ಬೇಕಾಗಬಹುದು. ಬೀಟೆ ತೇಗಕ್ಕಿಂತ ಚೆನ್ನಾಗಿಯೇ ಭಾರ. ಒಂದು ತುದಿ ಎತ್ತಿದರೆ ಗೊತ್ತಾಗುತ್ತದೆ. ಕಪ್ಪು ನೇರಳೆ ಗೆರೆ ಮರದ ಒಳಗೂ ಓಡಿರುತ್ತದೆ. ಉತ್ತರದಿಂದ ಬರುವ ಶೀಶಂ ಅದರ ಸಂಬಂಧಿ. ಬಣ್ಣ ಹೊಂಬಣ್ಣದ ಕಂದು. ಅದನ್ನು ಬೀಟೆ ಅಂತ ಧಾರಾಳವಾಗಿ ಮಾರುತ್ತಾರೆ. ಸಿಲ್ವರ್ ಓಕಿಗೆ ಕಪ್ಪು ಬಳಿದದ್ದನ್ನೂ ನೋಡಿದ್ದೇನೆ. ತಳದಲ್ಲಿ ಕಾಣದ ಕಡೆ ಬ್ಲೇಡಿನಿಂದ ಒಂದು ಕೂದಲೆಳೆಯಷ್ಟು ಕೆರೆದರೆ ಒಳಬಣ್ಣ ಹೊರಬೀಳುತ್ತದೆ. ಮೈಸೂರಿನ ಹಳೆ ಬೀಟೆ ಸಾಮಾನಿನಲ್ಲಿ ದಂತ ಕೂರಿಸಿದ ಚಿತ್ತಾರ ಇರುವುದುಂಟು. ನಿಜವಾದ ದಂತವಾದರೆ ಕೊಳ್ಳುವ ಯೋಚನೆಯನ್ನೇ ಬಿಡಿ, ಅದರ ಮಾರಾಟ ಕಾನೂನಿಗೆ ವಿರುದ್ಧ. ಈಗಿನ ಚಿತ್ತಾರದಲ್ಲಿ ಬಿಳಿ ಕಾಣುವುದು ಪ್ಲಾಸ್ಟಿಕ್ಕೋ ಬೇರೆ ಮರವೋ ಆಗಿರುತ್ತದೆ.

ಯಂತ್ರ ಅಂದ ಕೂಡಲೇ ನಕಲಿ ಅಂದುಕೊಳ್ಳಬೇಡಿ ಅನ್ನುವುದಕ್ಕೆ ಒಂದು ಉದಾಹರಣೆ. ಮುಂಬೈಯ ಇರಾನಿ ಹೋಟೆಲುಗಳಲ್ಲಿ ಕಾಣುವ ಬಾಗಿಸಿದ ಮರದ ಕುರ್ಚಿಗಳಿವೆಯಲ್ಲ, ಆ ಬಗೆಯ ಮೂಲ ವಿಯೆನ್ನಾದ ಥೋನೆಟ್ ಕಂಪನಿಯ 14ನೇ ನಂಬರ್ ಕುರ್ಚಿ, 1859ರದು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿ ಪೆಟ್ಟಿಗೆಯಲ್ಲಿ ತುಂಬಿ ಹಡಗಿನಲ್ಲಿ ಕಳಿಸುತ್ತಿದ್ದರು. ಅದರಲ್ಲಿ ಕಾರ್ಖಾನೆಯ ಸ್ಕ್ರೂ ಇರುವುದೇ ಸರಿ. ಆಸನದ ಅಡಿಯಲ್ಲಿ ಕಂಪನಿಯ ಮುದ್ರೆಯೋ ಕಾಗದದ ಚೀಟಿಯೋ ಉಳಿದಿದೆಯಾ ಅಂತ ನೋಡಬೇಕು.

ಅರ್ಧ ಅಸಲಿ ಅನ್ನುವುದೂ ಒಂದಿದೆ. ಒಂದು ಹಳೆ ಕಪಾಟಿನ ಮೇಲುಭಾಗ, ಇನ್ನೊಂದರ ಕೆಳಭಾಗ ಸೇರಿಸಿ ಒಂದು ಮಾಡುತ್ತಾರೆ. ಎರಡೂ ಹಳೆಯವೇ! ಹಿಂಬದಿಗೆ ಹೋಗಿ ಮೇಲಿನ ಮತ್ತು ಕೆಳಗಿನ ಹಲಗೆಯ ದಪ್ಪ, ಬಣ್ಣ, ಮೊಳೆ ಹೋಲಿಸಿ. ಒಂದೇ ಆಚಾರಿಯ ಕೆಲಸವಾದರೆ ಕೈ ಒಂದೇ ಥರ ಇರುತ್ತದೆ. ರಿಪೇರಿ ಆಗಿರುವುದು ಮಾತ್ರ ದೋಷವಲ್ಲ. ನೂರು ವರ್ಷ ಬಳಸಿದ ಸಾಮಾನಿಗೆ ಒಂದು ತೇಪೆಯೂ ಇಲ್ಲ ಅಂದರೆ ನನಗೇ ಅನುಮಾನ ಬರುತ್ತದೆ.

ಅಂಗಡಿಯವರಿಗೆ ಒಂದು ಪ್ರಶ್ನೆ ಕೇಳಿ ನೋಡಿ: "ಬಿಲ್ಲಿನಲ್ಲಿ 'ನೂರು ವರ್ಷಕ್ಕಿಂತ ಹಳೆಯ ತೇಗದ ಪೆಟ್ಟಿಗೆ' ಅಂತ ಬರೆದು ಕೊಡ್ತೀರಾ?" ನೂರು ವರ್ಷ ದಾಟಿದ, ಕಲೆಯ ಅಥವಾ ಚರಿತ್ರೆಯ ಬೆಲೆ ಇರುವ ವಸ್ತು 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಅಡಿಗೆ ಬರುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಮಗಳು ಅಮೆರಿಕದಲ್ಲಿದ್ದಾಳೆ, ಅವಳಿಗೆ ಕಳಿಸುವ ಯೋಚನೆ ಇದೆ ಅಂತ ಬರೆದಿದ್ದೀರಿ, ಅದಕ್ಕೇ ಹೇಳಿದೆ. ಬಾಯಲ್ಲಿ 150 ವರ್ಷ ಅಂದವರು ಬಿಲ್ಲಿನಲ್ಲಿ 'ಹಳೆ ಶೈಲಿಯ ಪೆಟ್ಟಿಗೆ' ಅಂತ ಬರೆಯುತ್ತೇವೆ ಅಂದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು, ಅಲ್ವಾ?

ನನ್ನ ಆ ಕುರ್ಚಿ ಈಗಲೂ ಊರ ಜಗಲಿಯಲ್ಲಿದೆ. ಮಧ್ಯಾಹ್ನ ಊಟವಾದ ಮೇಲೆ ಅದರಲ್ಲೇ ಮಲಗುತ್ತೇನೆ, ಮರ ಚೆನ್ನಾಗಿದೆ. 22,000 ಹೆಚ್ಚಾಯಿತು, ಅಷ್ಟೇ. ನಿಮ್ಮ ಪೆಟ್ಟಿಗೆಯದೂ ಹಾಗೇ ಇರಬಹುದು, ಇಲ್ಲದೆಯೂ ಇರಬಹುದು. ಇನ್ನೊಮ್ಮೆ ಹೋದಾಗ ತಳ, ಹಿಂಬದಿ, ಮುಚ್ಚಳದ ಒಳಮೈ, ಒಂದು ಕೀಲಿನ ಹತ್ತಿರದ ಮೊಳೆ, ಇಷ್ಟರ ಫೋಟೋ ತೆಗೆದು ಇಲ್ಲೇ ಹಾಕಿ. ಫ್ಲ್ಯಾಶ್ ಬೇಡ, ಟಾರ್ಚನ್ನು ಪಕ್ಕದಿಂದ ಹಿಡಿದು ತೆಗೆಯಿರಿ. ನೋಡಿ ಹೇಳುತ್ತೇನೆ.